ಟೋಕಿಯೊ ಸಬ್‌ವೇ ಟಿಕೆಟ್, 24 ಗಂಟೆಯದ್ದು: ಗೆಳತಿಯ ಜೊತೆ ಊರೆಲ್ಲ ಸುತ್ತಿದ ಮೇಲೆ

ಟೋಕಿಯೊ ಒಂದನ್ನೇ ನೋಡುವುದಾದರೆ ಜೆಆರ್ ಪಾಸ್, ಅಂದರೆ ದೇಶವೆಲ್ಲ ಓಡುವ ಜಪಾನ್ ರೈಲ್ವೆಯ ಪಾಸ್, ಬೇಡವೇ ಬೇಡ. 2023ರ ಅಕ್ಟೋಬರ್‌ನಲ್ಲಿ ಅದರ ಬೆಲೆ ಏರಿಸಿದ ಮೇಲೆ 7 ದಿನದ ಪಾಸ್‌ಗೆ 50,000 ಯೆನ್ ಆಯಿತು, ಊರೂರಿಗೆ ಬುಲೆಟ್ ಟ್ರೇನಲ್ಲಿ ಓಡಾಡುವವರಿಗೆ ಬಿಟ್ಟರೆ ಬೇರೆಯವರಿಗೆ ಅದು ದಂಡ. ಊರೊಳಗೆ ಸುತ್ತೋಕೆ ಟೋಕಿಯೊ ಸಬ್‌ವೇ ಟಿಕೆಟ್ ಅಂತ ಒಂದಿದೆ, ಪ್ರವಾಸಿಗಳಿಗೆ ಅಂತಲೇ ಮಾಡಿದ್ದು. 24, 48, 72 ಗಂಟೆ ಹೀಗೆ ಮೂರು ಥರ. ನಾನು 24 ಗಂಟೆಯದ್ದು ತಗೊಂಡೆ, 800 ಯೆನ್ ಇತ್ತು, ನಮ್ಮ ದುಡ್ಡಲ್ಲಿ ಐನೂರು ರೂಪಾಯಿ ಒಳಗೇ. ಬೆಲೆ ಬದಲಾಗುತ್ತಿರುತ್ತದೆ, ಹೊರಡುವ ಮೊದಲು ಒಮ್ಮೆ ನೋಡಿಕೊಳ್ಳಿ. ಆದರೆ ಸ್ವಲ್ಪ ಜಾಸ್ತಿ ಆದರೂ ನಾನು ಮತ್ತೆ ಇದನ್ನೇ ತಗೊಳ್ತೀನಿ, ಯಾಕೆ ಅಂತ ಹೇಳ್ತೀನಿ.

ಟೋಕಿಯೊದಲ್ಲಿ ನೆಲದಡಿಯ ರೈಲು ಓಡಿಸುವ ಸಂಸ್ಥೆಗಳು ಎರಡು. ಟೋಕಿಯೊ ಮೆಟ್ರೊದ್ದು 9 ಲೈನ್, ತೊಎಯ್ ಅಂತ ಕರೆಯುವ ಅಲ್ಲಿನ ಸರ್ಕಾರದ್ದು 4 ಲೈನ್. ಸುಮ್ನೆ ಟಿಕೆಟ್ ತಗೊಂಡು ಓಡಾಡಿದರೆ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದಾಗೆಲ್ಲ ಬೇರೆ ಲೆಕ್ಕ, ಬೇರೆ ಗೇಟು. ಈ ಟಿಕೆಟ್‌ನಲ್ಲಿ 13 ಲೈನೂ ಸೇರಿವೆ. ಕನಿಷ್ಠ ಪ್ರಯಾಣ ದರ 180 ಯೆನ್, ಹಾಗಾಗಿ ನಾನು ಕೊಟ್ಟ 800 ಯೆನ್ ಲೆಕ್ಕದಲ್ಲಿ ಐದನೇ ಸಲ ಹತ್ತುವಾಗ ಟಿಕೆಟ್ ದುಡ್ಡು ಪೂರ್ತಿ ವಾಪಸ್ ಬಂದಿರುತ್ತದೆ. ಊರು ನೋಡೋಕೆ ಹೊರಟವರು ದಿನಕ್ಕೆ ಐದು ಸಲ ಹತ್ತೇ ಹತ್ತುತ್ತಾರೆ.

ಇದರಲ್ಲಿ ನನಗೆ ತುಂಬ ಹಿಡಿಸಿದ್ದು 24 ಗಂಟೆ ಅನ್ನೋ ಲೆಕ್ಕ. ರಾತ್ರಿ 12ಕ್ಕೆ ಮುಗಿಯುವ ದಿನದ ಪಾಸ್ ಅಲ್ಲ ಇದು. ಮೊದಲ ಗೇಟಲ್ಲಿ ಟಿಕೆಟ್ ತೂರಿಸಿದ ನಿಮಿಷದಿಂದ ಎಣಿಕೆ ಶುರು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದರೆ ಭಾನುವಾರ ಬೆಳಿಗ್ಗೆ ಹತ್ತರವರೆಗೂ ನಡೆಯುತ್ತದೆ. ಅಂದರೆ ಒಂದು ಟಿಕೆಟ್‌ನಲ್ಲಿ ಒಂದು ಪೂರ್ತಿ ದಿನ, ಜೊತೆಗೆ ಮಾರನೇ ದಿನದ ಮುಂಜಾನೆಯ ಓಡಾಟ.

ನನ್ನ ಗೆಳತಿ ನಿಶಿಕಸಾಯ್‌ನಲ್ಲಿ ಇದ್ದಾಳೆ. ಮೈಸೂರಲ್ಲಿ ಒಟ್ಟಿಗೆ ಓದಿದವರು ನಾವು. ನಿಶಿಕಸಾಯ್ ಇರೋದು ಟೋಕಿಯೊದ ಪೂರ್ವದ ಎದೊಗಾವಾ ವಾರ್ಡ್‌ನಲ್ಲಿ, 2000ದ ಆಸುಪಾಸು ವೈಟುಕೆ (ಇಸವಿ 2000ಕ್ಕೆ ಬದಲಾಗುವಾಗಿನ ಕಂಪ್ಯೂಟರ್ ತೊಂದರೆ) ಕೆಲಸಕ್ಕೆ ಅಂತ ಬಂದ ಭಾರತದ ಸಾಫ್ಟ್‌ವೇರ್ ಎಂಜಿನಿಯರ್‌ಗಳು ಇಲ್ಲಿ ಮನೆ ಮಾಡಿಕೊಂಡರು, ಆಮೇಲೆ ಬಂದವರೂ ಅಲ್ಲೇ ನೆಲೆಸಿದರು. ಈಗ ಬೇಳೆ, ಹಿಟ್ಟು, ಮಸಾಲೆ ಸಿಗುವ ಅಂಗಡಿಗಳಿವೆ, ಸ್ಟೇಷನ್ ಹತ್ತಿರ ಕನ್ನಡ ಕಿವಿಗೆ ಬಿದ್ದರೂ ಆಶ್ಚರ್ಯ ಇಲ್ಲ. ಕೇಂದ್ರ ಭಾಗಕ್ಕೆ ಅಲ್ಲಿಂದ ಹೋಗೋದು ತೊಜಾಯ್ ಲೈನ್‌ನಲ್ಲಿ. ವಾರದ ದಿನ ಬೆಳಿಗ್ಗೆ ಮಾತ್ರ ಈ ಲೈನ್ ಹತ್ತಬೇಡಿ ಅಂತ ಅವಳು ಖಡಾಖಂಡಿತ ಹೇಳ್ತಾಳೆ. ಕೊರೊನಾಗೆ ಮುಂಚಿನ 2019ರ ಸರ್ಕಾರಿ ಲೆಕ್ಕದಲ್ಲೇ ಕಿಬಾದಿಂದ ಮೊನ್‌ಜೆನ್‌ನಾಕಾಚೊವರೆಗೆ ಬೆಳಗಿನ ದಟ್ಟಣೆ ಶೇ. 199 ಇತ್ತು, ಎಷ್ಟು ಜನ ಹಿಡಿಸಬೇಕೋ ಅದರ ಎರಡರಷ್ಟು. ನಾವು ಹೊರಟಿದ್ದು ನವೆಂಬರ್ ಕೊನೆಯ ಒಂದು ಶನಿವಾರ, ಕೂರೋಕೆ ಸೀಟೂ ಸಿಕ್ಕಿತು.

ಅವಳಿಗೆ ಈ ಟಿಕೆಟ್ ಕೊಡುವುದಿಲ್ಲ, ಟೋಕಿಯೊದಲ್ಲೇ ವಾಸ ಇರುವವರಿಗೆ ಇದಲ್ಲ. ಕೊಳ್ಳುವಾಗ ಪಾಸ್‌ಪೋರ್ಟ್ ಕೈಲಿರಬೇಕು. ಹನೆದಾ, ನರಿತಾ ಎರಡೂ ಏರ್‌ಪೋರ್ಟ್‌ನಲ್ಲಿ ಸಿಗುತ್ತದೆ, ಬಿಕ್ ಕ್ಯಾಮೆರಾದಂಥ ದೊಡ್ಡ ಅಂಗಡಿಗಳಲ್ಲೂ ಇದೆ. ಅವಳು ದುಡ್ಡು ತುಂಬಿಸಿಟ್ಟ ತನ್ನ ಪಾಸ್ಮೊ ಕಾರ್ಡ್ ಮುಟ್ಟಿಸಿಕೊಂಡು ಬಂದಳು, ಗೇಟ್ ದಾಟಿದಾಗೆಲ್ಲ ಎಷ್ಟು ಕಟ್ಟಾಯಿತು ಅಂತ ಸ್ಕ್ರೀನ್ ಮೇಲೆ ಬರುತ್ತದಲ್ಲ, ಹಾಗಾಗಿ ಇಬ್ಬರ ಖರ್ಚನ್ನು ಪಕ್ಕಪಕ್ಕ ಇಟ್ಟು ನೋಡೋಕೆ ಅನುಕೂಲವಾಯಿತು. ಸಂಜೆ ಹೊತ್ತಿಗೆ ಅವಳದ್ದು ಸಾವಿರ ಯೆನ್ ದಾಟಿತ್ತು, ಮನೆಗೆ ವಾಪಸ್ ಹೋಗುವ ದಾರಿ ಇನ್ನೂ ಬಾಕಿ.

ಟಿಕೆಟ್ ಬಳಸುವುದು ಸುಲಭ, ಒಂದು ಗಮನ ಬೇಕು. ನನ್ನದು ಕಾಗದದ್ದು. ಗೇಟ್‌ನ ಸಣ್ಣ ಸೀಳಿಗೆ ತೂರಿಸಿದರೆ ಸರ್ ಅಂತ ಒಳಗೆ ಎಳೆದುಕೊಂಡು, ನಾವು ಎರಡು ಹೆಜ್ಜೆ ಇಡುವಷ್ಟರಲ್ಲಿ ಆ ತುದಿಯಲ್ಲಿ ತಲೆ ಎತ್ತಿ ನಿಂತಿರುತ್ತದೆ. ಅದನ್ನು ತೆಗೆದುಕೊಂಡೇ ಮುಂದೆ ಹೋಗಬೇಕು. ಎಲ್ಲ ಗೇಟಲ್ಲೂ ಈ ಸೀಳು ಇರೋದಿಲ್ಲ, ಎಷ್ಟೋ ಗೇಟು ಬರೀ ಕಾರ್ಡ್ ಮುಟ್ಟಿಸುವವರಿಗೆ. ಶಿಂಜುಕುವಿನಂಥ ಕಡೆ ಹಿಂದೆ ಜನ ನುಗ್ಗಿ ಬರುತ್ತಿರುವಾಗ ಯಾವ ಗೇಟಲ್ಲಿ ಸೀಳಿದೆ ಅಂತ ಹುಡುಕೋದು ಕಿರಿಕಿರಿ. ಹತ್ತು ಹೆಜ್ಜೆ ದೂರದಿಂದಲೇ ನೋಡಿ ಸಾಲು ಹಿಡಿಯಿರಿ.

ಸ್ಟೇಷನ್ ಹೆಸರು ಬಾಯಲ್ಲಿ ನಿಲ್ಲದೆ ಇದ್ದರೆ ಚಿಂತೆ ಬೇಡ. ಪ್ರತಿ ಸ್ಟೇಷನ್‌ಗೂ ಒಂದು ಅಕ್ಷರ, ಒಂದು ಸಂಖ್ಯೆ ಇದೆ. ನಿಶಿಕಸಾಯ್ ಟಿ16, ತೊಜಾಯ್ ಲೈನ್‌ನಲ್ಲೇ ನಿಹೊಂಬಾಶಿ ಟಿ10. ಅದೇ ನಿಹೊಂಬಾಶಿ ಗಿಂಜಾ ಲೈನ್‌ನಲ್ಲಿ ಜಿ11, ಅಸಾಕುಸಾ ಜಿ19. ನಿಹೊಂಬಾಶಿಯಿಂದ ಅಸಾಕುಸಾಗೆ ಹೋಗುವಾಗ ಸಂಖ್ಯೆ ಏರುತ್ತಿದ್ದರೆ ಸರಿಯಾದ ದಿಕ್ಕಲ್ಲಿ ಇದ್ದೀರಿ, ಎಷ್ಟು ಸ್ಟೇಷನ್ ಬಾಕಿ ಅನ್ನೋದೂ ಕಳೆದರೆ ಗೊತ್ತಾಗುತ್ತದೆ. ಜಪಾನಿ ಓದೋಕೆ ಬರದ ನನ್ನಂಥವರಿಗೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ಬೇರೆ ಇಲ್ಲ.

ಗಿಂಜಾ ಲೈನ್ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಯಾಕಂದ್ರೆ ಅದರಲ್ಲಿ ಕೂರೋದೇ ಒಂದು ನೋಡುವ ಸಂಗತಿ. ಏಷ್ಯಾದ ಮೊದಲ ಸಬ್‌ವೇ ಇದು. 1927ರ ಡಿಸೆಂಬರ್ 30ರಂದು ಅಸಾಕುಸಾದಿಂದ ಉಎನೊವರೆಗೆ, ಬರೀ 2.2 ಕಿಲೋಮೀಟರ್, ಶುರುವಾಯಿತು. ಈಗ ಓಡುತ್ತಿರುವ ಹಳದಿ ಬಣ್ಣದ ಗಾಡಿಗಳನ್ನು ಆ ಮೊದಲ ಗಾಡಿಗಳ ಹಾಗೆ ಕಾಣುವಂತೆ ಮಾಡಿದ್ದಾರೆ. ಹಳೆಯ ಲೈನ್ ಆದ್ದರಿಂದ ಆಳ ಕಮ್ಮಿ, ಬೀದಿಯಿಂದ ಒಂದೆರಡು ಮೆಟ್ಟಿಲಸಾಲು ಇಳಿದರೆ ಪ್ಲಾಟ್‌ಫಾರಂ. ಮಂಡಿ ನೋವಿನ ಅಪ್ಪ ಅಮ್ಮನ್ನ ಕರೆದುಕೊಂಡು ಹೋಗುವವರು ಆದಷ್ಟು ಇದೇ ಲೈನ್ ಹಿಡಿದು ದಿನದ ಪ್ಲಾನ್ ಮಾಡಿ. ಹೊಸದಾಗಿ ಬಂದ ಓಎದೊ ಲೈನ್ ಇದಕ್ಕೆ ಪೂರ್ತಿ ಉಲ್ಟಾ, ಅದರ ರೊಪ್ಪೊಂಗಿ ಸ್ಟೇಷನ್ ನೆಲದಿಂದ 42 ಮೀಟರ್ ಕೆಳಗಿದೆ, ಎಸ್ಕಲೇಟರ್ ಮೇಲೆ ಎಸ್ಕಲೇಟರ್ ಇಳಿಯುತ್ತಲೇ ಇರಬೇಕು.

ಅಸಾಕುಸಾದಲ್ಲಿ ಇಳಿದ ತಕ್ಷಣ ಎಲ್ಲರೂ ಸೆನ್ಸೊಜಿ ದೇವಸ್ಥಾನದ ಕಾಮಿನಾರಿಮೊನ್ ಹೆಬ್ಬಾಗಿಲ ಕಡೆ ಓಡುತ್ತಾರೆ. ನೀವು ಮೊದಲು ಅದರ ಎದುರುಗಡೆ ರಸ್ತೆ ದಾಟಿ ಅಸಾಕುಸಾ ಪ್ರವಾಸಿ ಮಾಹಿತಿ ಕೇಂದ್ರಕ್ಕೆ ಹೋಗಿ. ಕೆಂಗೊ ಕುಮಾ ವಿನ್ಯಾಸ ಮಾಡಿದ, ಮರದ ಪಟ್ಟಿಗಳ ಕಟ್ಟಡ, 2012ರದ್ದು. ಎಂಟನೇ ಮಹಡಿಗೆ ಲಿಫ್ಟಲ್ಲಿ ಹೋದರೆ ತೆರೆದ ಕಟ್ಟೆ, ದುಡ್ಡು ಕೇಳುವುದಿಲ್ಲ. ಅಲ್ಲಿಂದ ಗುಡಿಗೆ ಹೋಗುವ ನಾಕಾಮಿಸೆ ಅಂಗಡಿ ಬೀದಿ ಉದ್ದಕ್ಕೂ ಕಾಣುತ್ತದೆ, ಕೊನೆಯಲ್ಲಿ ದೇವಸ್ಥಾನದ ದೊಡ್ಡ ಚಾವಣಿ, ಬಲಕ್ಕೆ ಹೊಳೆಯಾಚೆ 634 ಮೀಟರ್ ಎತ್ತರದ ಸ್ಕೈಟ್ರೀ ಗೋಪುರ. ಮೇಲಿಂದ ಒಮ್ಮೆ ನೋಡಿ ಆಮೇಲೆ ಜನದೊಳಗೆ ಇಳಿದರೆ ಎಲ್ಲಿ ಏನಿದೆ ಅನ್ನೋದು ತಲೆಯಲ್ಲಿ ಕೂತಿರುತ್ತದೆ.

ಕಾಮಿನಾರಿಮೊನ್‌ನ ಕೆಂಪು ದೀಪದ ಬುಟ್ಟಿಯ ಫೋಟೊ ನೋಡದವರಿಲ್ಲ. 3.9 ಮೀಟರ್ ಎತ್ತರ, ತೂಕ ಸುಮಾರು 700 ಕಿಲೊ. ಈಗಿರುವ ಬಾಗಿಲು ಕಟ್ಟಿದ್ದು 1960ರಲ್ಲಿ, ಪ್ಯಾನಾಸೋನಿಕ್ ಶುರು ಮಾಡಿದ ಕೊನೊಸುಕೆ ಮತ್ಸುಶಿತಾ ಕೊಟ್ಟ ದಾನದಿಂದ. ಫೋಟೊದಲ್ಲಿ ಬಾರದ್ದು ದೀಪದ ಅಡಿಭಾಗ. ಸರಿಯಾಗಿ ಕೆಳಗೆ ನಿಂತು ಕತ್ತೆತ್ತಿ ನೋಡಿ, ದುಂಡನೆಯ ಮರದ ತಳದಲ್ಲಿ ಸುತ್ತಿಕೊಂಡಿರುವ ಡ್ರ್ಯಾಗನ್ ಕೆತ್ತಿದ್ದಾರೆ. ಗೆಳತಿ ನನ್ನ ಭುಜ ಹಿಡಿದು ನಿಲ್ಲಿಸಿ, "ಇಲ್ಲಿ ನೋಡೇ, ಎಲ್ರೂ ಇದ್ರ ಕೆಳಗೇ ನಡ್ಕೊಂಡು ಹೋಗ್ತಾರೆ, ಯಾರೂ ಮೇಲೆ ನೋಡಲ್ಲ" ಅಂದಳು. ಅಷ್ಟು ಜನರಲ್ಲಿ ಕತ್ತೆತ್ತಿದ್ದು ನಾವಿಬ್ಬರೇ ಇರಬೇಕು.

ನಾಕಾಮಿಸೆ ಸುಮಾರು 250 ಮೀಟರ್ ಉದ್ದ, ಎರಡೂ ಕಡೆ ಸೇರಿ ತೊಂಬತ್ತರಷ್ಟು ಅಂಗಡಿ. ಬೀಸಣಿಗೆ, ಗೊಂಬೆ, ಕೀಚೈನ್ ಬಗ್ಗೆ ಏನೂ ಹೇಳೋದಿಲ್ಲ, ಎಲ್ಲ ಊರಲ್ಲೂ ಸಿಗುವಂಥದ್ದೇ. ತಿನ್ನೋಕೆ ಮಾತ್ರ ಒಂದನ್ನು ಬಿಡಬೇಡಿ, ಕಿಬಿದಾಂಗೊ. ಕಿಬಿ ಅಂದರೆ ನಮ್ಮ ಬರಗು. ಅದರ ಹಿಟ್ಟು ಸೇರಿಸಿ ಮಾಡಿದ ಗೋಲಿ ಗಾತ್ರದ ಉಂಡೆಗಳನ್ನು ಬಿಸಿನೀರಲ್ಲಿ ಬೇಯಿಸಿ, ಸಣ್ಣ ಕಡ್ಡಿಗೆ ಸಿಕ್ಕಿಸಿ, ಹುರಿದ ಸೋಯಾ ಹಿಟ್ಟಲ್ಲಿ ಹೊರಳಿಸಿ ಕೈಗೆ ಕೊಡುತ್ತಾರೆ. ಬಿಸಿ ಇರುವಾಗಲೇ ತಿನ್ನಬೇಕು. ಮೇಲಿನ ಹಿಟ್ಟು ಥೇಟ್ ನಮ್ಮ ಹುರಿಹಿಟ್ಟಿನ ಪರಿಮಳ, ಸಿಹಿ ಹದವಾಗಿ ಇರುತ್ತದೆ, ಉಂಡೆ ಹಲ್ಲಿಗೆ ಮೆತ್ತಗೆ ಅಂಟುತ್ತದೆ. ಬಾಯಿ ತೆರೆದು ಜೋರಾಗಿ ಉಸಿರು ಎಳೆದರೆ ಹಿಟ್ಟು ಗಂಟಲಿಗೆ ಹೋಗುತ್ತದೆ, ನಿಧಾನಕ್ಕೆ ತಿನ್ನಿ. ಮತ್ತೆ ಒಂದು ವಿಷಯ, ಈ ಬೀದಿಯಲ್ಲಿ ನಡೆದುಕೊಂಡು ತಿನ್ನಬೇಡಿ ಅಂತ ಬೋರ್ಡ್ ಹಾಕಿದ್ದಾರೆ. ಅಂಗಡಿ ಪಕ್ಕ ನಿಂತು ತಿಂದು, ಕಡ್ಡಿ ಅವರಿಗೇ ವಾಪಸ್ ಕೊಟ್ಟು ಮುಂದೆ ಹೋಗಿ. ಟೋಕಿಯೊದಲ್ಲಿ ಬೀದಿಯಲ್ಲಿ ಕಸದ ಡಬ್ಬಿ ಸಿಗುವುದೇ ಅಪರೂಪ, ಒಂದು ಖಾಲಿ ಕವರ್ ಬ್ಯಾಗಲ್ಲಿ ಇಟ್ಟುಕೊಳ್ಳಿ.

ಸೆನ್ಸೊಜಿ ದೇವಸ್ಥಾನದ ಕತೆ 628ಕ್ಕೆ ಹೋಗುತ್ತದೆ, ಇಬ್ಬರು ಮೀನುಗಾರ ಅಣ್ಣತಮ್ಮಂದಿರ ಬಲೆಗೆ ಸುಮಿದಾ ಹೊಳೆಯಲ್ಲಿ ಬೌದ್ಧರ ಕರುಣೆಯ ದೇವತೆ ಕನ್ನೊನ್ ಮೂರ್ತಿ ಸಿಕ್ಕಿತಂತೆ. ಆದರೆ ಈಗ ಕಾಣುವ ಮುಖ್ಯ ಗುಡಿ 1958ರದ್ದು. 1945ರ ಮಾರ್ಚ್‌ನಲ್ಲಿ ಅಮೆರಿಕದ ವಿಮಾನಗಳು ಹಾಕಿದ ಬಾಂಬಿಗೆ ಹಳೆಯದು ಸುಟ್ಟುಹೋಯಿತು. ಇದು ಗೊತ್ತಿದ್ದು ನೋಡಿದರೆ ಅಲ್ಲಿ ಕೈಮುಗಿದು ನಿಂತಿರುವ ವಯಸ್ಸಾದವರನ್ನು ನೋಡುವ ರೀತಿಯೇ ಬೇರೆ ಆಗುತ್ತದೆ.

ಗುಡಿ ಪಕ್ಕದಲ್ಲಿ ಶಕುನ ನೋಡುವ ಜಾಗ ಇದೆ, ಒಮಿಕುಜಿ ಅಂತಾರೆ. 100 ಯೆನ್ ಹುಂಡಿಗೆ ಹಾಕಿ, ಆರು ಮೂಲೆಯ ತಗಡಿನ ಡಬ್ಬಿ ಎತ್ತಿ ಅಲ್ಲಾಡಿಸಬೇಕು. ಭಾರ ಇದೆ, ಗಲಗಲ ಸದ್ದು. ತಲೆಕೆಳಗು ಮಾಡಿದರೆ ಸಣ್ಣ ತೂತಿನಿಂದ ಒಂದೇ ಒಂದು ಕಡ್ಡಿ ಹೊರಗೆ ಬರುತ್ತದೆ. ಅದರ ಮೇಲಿನ ಸಂಖ್ಯೆ ಜಪಾನಿ ಅಂಕಿಯಲ್ಲಿ ಇರುತ್ತದೆ, ಅದೇ ಗುರುತಿನ ಡ್ರಾಯರ್ ಹುಡುಕಿ ಎಳೆದರೆ ನಿಮ್ಮ ಚೀಟಿ, ಇಂಗ್ಲಿಷ್‌ನಲ್ಲೂ ಬರೆದಿರುತ್ತದೆ. ಈ ದೇವಸ್ಥಾನದಲ್ಲಿ ಕೆಟ್ಟ ಶಕುನದ ಚೀಟಿ ಜಾಸ್ತಿ ಅಂತ ಹೆಸರು, ನೂರರಲ್ಲಿ ಮೂವತ್ತರಷ್ಟು. ಗೆಳತಿಗೆ ಅದೇ ಬಂತು. ಅವಳು ಅದನ್ನು ಪಟ್ಟಿಯಂತೆ ಮಡಚಿ ಅಲ್ಲಿದ್ದ ತಂತಿಗೆ ಗಂಟು ಹಾಕಿ ಬಿಟ್ಟಳು, ಕೆಟ್ಟದ್ದು ಅಲ್ಲೇ ಉಳಿಯಲಿ ಅಂತ ಎಲ್ಲರೂ ಮಾಡುವುದು ಹಾಗೇ.

ಉಎನೊಗೆ ಅದೇ ಗಿಂಜಾ ಲೈನ್, ಮೂರೇ ಸ್ಟೇಷನ್. ಅಸಾಕುಸಾದಿಂದ ನಡೆದೂ ಹೋಗಬಹುದು, ಅರ್ಧ ಗಂಟೆ ಆಗುತ್ತದೆ. ಆದರೆ ಟಿಕೆಟ್ ಕೈಯಲ್ಲಿದ್ದಾಗ ಕಾಲಿನ ಶಕ್ತಿಯನ್ನು ಪಾರ್ಕ್‌ಗೆ ಉಳಿಸಿಕೊಳ್ಳೋದೇ ಮೇಲು.

ಉಎನೊ ಪಾರ್ಕ್‌ನಲ್ಲಿ ಮ್ಯೂಸಿಯಂಗಳಿಗೆ ಒಂದು ದಿನವೇ ಬೇಕು, ನಾವು ಹೋಗಲಿಲ್ಲ. ನಾವು ಹೋಗಿದ್ದು ಶಿನೊಬಾಜು ಕೆರೆಯ ನಡುವೆ ಇರುವ ಬೆಂತೆನ್‌ದೊ ಗುಡಿಗೆ. ಅಲ್ಲಿರುವ ಬೆಂಜಾಯ್‌ತೆನ್ ನಮ್ಮ ಸರಸ್ವತಿಯೇ, ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಜಪಾನಿಗೆ ಬಂದವಳು. ಹಂಸದ ಬದಲು ಹಾವು, ವೀಣೆಯ ಬದಲು ಬಿವಾ ಅನ್ನುವ ತಂತಿವಾದ್ಯ. ನೀರಿನ ಜೊತೆಗಿನ ನಂಟು ಮಾತ್ರ ಬಿಟ್ಟಿಲ್ಲ, ಜಪಾನಿನಲ್ಲಿ ಅವಳ ಗುಡಿ ಬಹುತೇಕ ಕೆರೆ, ಹೊಳೆ, ಸಮುದ್ರದ ಹತ್ತಿರವೇ ಇರುತ್ತವೆ. ನವೆಂಬರ್‌ನಲ್ಲಿ ಕೆರೆಯ ತಾವರೆ ಎಲ್ಲ ಒಣಗಿ ಕಡ್ಡಿಯಾಗಿ ನಿಂತಿರುತ್ತದೆ. ಹೂ ನೋಡಬೇಕಂದ್ರೆ ಜುಲೈ, ಆಗಸ್ಟ್‌ನಲ್ಲಿ ಬೆಳಿಗ್ಗೆ ಬರಬೇಕು, ಆಗ ಸೆಕೆ ತಡೆಯೋಕೆ ಆಗಲ್ಲ ಅಂತ ಗೆಳತಿ ಎಚ್ಚರಿಕೆ ಕೊಟ್ಟಳು. ವಿಜಯದಶಮಿಗೆ ಇಲ್ಲಿಗೆ ಬಂದು ಮಗಳ ಪುಸ್ತಕ ಇಟ್ಟು ಕೈಮುಗಿದು ಹೋದೆ ಅಂದಳು. ದೇಶ ಬಿಟ್ಟು ಬಂದವರು ತಮ್ಮ ದೇವರನ್ನು ಹೀಗೆ ಹುಡುಕಿಕೊಳ್ಳುತ್ತಾರಲ್ಲ, ನನಗೆ ಆ ಮಾತು ಕೇಳಿ ತುಂಬ ಖುಷಿಯಾಯಿತು.

ಇನ್ನು ಊಟ. ನಾವಿಬ್ಬರೂ ಸಸ್ಯಾಹಾರಿಗಳು, ಟೋಕಿಯೊದಲ್ಲಿ ನಿಜವಾದ ಕಷ್ಟ ಇರೋದು ಇಲ್ಲೇ. ಮಾಂಸ ಇಲ್ಲ ಅಂದ ಮಾತ್ರಕ್ಕೆ ಮುಗಿಯಲಿಲ್ಲ, ದಾಶಿ ಅನ್ನುವ ಸಾರಿನ ತಿಳಿ ಎಲ್ಲದರಲ್ಲೂ ಇರುತ್ತದೆ, ಅದಕ್ಕೆ ಸಾಮಾನ್ಯವಾಗಿ ಒಣಗಿಸಿದ ಮೀನು ಹಾಕುತ್ತಾರೆ. ಉದೊನ್, ಸೊಬಾ ಅನ್ನುವ ಶ್ಯಾವಿಗೆಗಳು, ಮಿಸೊ ಸೂಪ್, ಬೇಯಿಸಿದ ತರಕಾರಿ, ಯಾವುದನ್ನೂ ಕೇಳದೆ ತಿನ್ನುವ ಹಾಗಿಲ್ಲ. ಹಿಂದಿನ ದಿನ ಒಂದು ಹೋಟೆಲ್‌ನಲ್ಲಿ ಬಾಗಿಲಲ್ಲೇ ಸಸ್ಯಾಹಾರಿ ಅಂತ ಬರೆದಿದ್ದರು, ಬಡಿಸಿದ ಸೂಪ್‌ನಲ್ಲಿ ಮೀನಿನ ವಾಸನೆ ಮೂಗಿಗೇ ಬಡಿಯಿತು. ಕೇಳಿದರೆ ಮೀನಿನ ತುಂಡು ಹಾಕಿಲ್ಲವಲ್ಲ ಅಂದರು. ದುಡ್ಡು ಕೊಟ್ಟು ಎದ್ದು ಬಂದೆ.

ಅದಕ್ಕೇ ಈ ದಿನ ಗೆಳತಿ ಮೊದಲೇ ನಿರ್ಧರಿಸಿದ್ದ ಜಾಗಕ್ಕೆ ಹೋದೆವು, ಟೋಕಿಯೊ ಸ್ಟೇಷನ್‌ನ ಟೀಸ್ ತಾನ್‌ತಾನ್. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲದ ರಾಮೆನ್ ಅಂಗಡಿ. ಎಳ್ಳು ಅರೆದು ಹಾಕಿದ ದಪ್ಪ ಸಾರು, ಮೇಲೆ ಖಾರದ ಎಣ್ಣೆ, ಒಳಗೆ ಶ್ಯಾವಿಗೆ. ಒಂದು ಬಟ್ಟಲು ಸಾವಿರ ಯೆನ್ ಆಸುಪಾಸು, ಹೊಟ್ಟೆ ತುಂಬುತ್ತದೆ. ಮೊದಲ ಚಮಚದಲ್ಲೇ ಹುಚ್ಚೆಳ್ಳು ಚಟ್ನಿ ನೆನಪಾಗುವಷ್ಟು ಗಟ್ಟಿ ರುಚಿ. ಒಂದು ತೊಡಕಿದೆ, ಈ ಅಂಗಡಿ ಇರೋದು ಜೆಆರ್ ಗೇಟ್ ಒಳಗೆ, ಅಲ್ಲಿಗೆ ಸಬ್‌ವೇ ಟಿಕೆಟ್ ನಡೆಯುವುದಿಲ್ಲ. ಜೆಆರ್ ಮಷಿನ್‌ನಲ್ಲಿ ಪ್ಲಾಟ್‌ಫಾರಂ ಟಿಕೆಟ್ ತಗೊಂಡು ಒಳಗೆ ಹೋಗಬೇಕು, ನಾನು 150 ಯೆನ್ ಕೊಟ್ಟೆ, ಎರಡು ಗಂಟೆ ಒಳಗೆ ಹೊರಗೆ ಬರಬೇಕು. ಊಟಕ್ಕೆ ಅಂತ ಇಷ್ಟು ಸುತ್ತು ಬೇಕಾ ಅಂದರೆ, ಬೇಕು. ಅನುಮಾನ ಪಡದೆ ಬಟ್ಟಲು ಖಾಲಿ ಮಾಡೋ ನೆಮ್ಮದಿ ಅಲ್ಲಿ ಸಿಕ್ಕಿತು.

ಉಎನೊದಿಂದ ಇಲ್ಲಿಗೆ ಗಿಂಜಾ ಲೈನ್‌ನಲ್ಲಿ ಕ್ಯೊಬಾಶಿವರೆಗೆ ಬಂದು ನಡೆದೆವು, ಹತ್ತು ನಿಮಿಷ ಸಾಕು. ಊಟ ಆದ ಮೇಲೆ ಸಮಯ ಇದ್ದರೆ ಅದೇ ಸ್ಟೇಷನ್‌ನ ಮಾರುನೌಚಿ ಕಡೆಯ ಬಾಗಿಲಿಗೆ ಹೋಗಿ 1914ರ ಕೆಂಪು ಇಟ್ಟಿಗೆಯ ಕಟ್ಟಡ ನೋಡಿ. ಯುದ್ಧದಲ್ಲಿ ಹಾಳಾದ ಗುಮ್ಮಟಗಳನ್ನು ಹಳೆಯ ರೂಪಕ್ಕೇ ತಂದು 2012ರಲ್ಲಿ ಕೆಲಸ ಮುಗಿಸಿದ್ದಾರೆ.

ನವೆಂಬರ್ ಕೊನೆಗೆ ಹೋಗುವವರು ಒಂದು ಮಾತು ನೆನಪಿಡಿ. ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ನಮ್ಮ ಕಡೆಯ ಸಂಜೆಯ ಲೆಕ್ಕದಲ್ಲಿ ಪ್ಲಾನ್ ಮಾಡಿದರೆ ಅರ್ಧ ಊರು ಕತ್ತಲಲ್ಲೇ ನೋಡಬೇಕಾಗುತ್ತದೆ. ಬೆಳಕಿನಲ್ಲಿ ನೋಡಬೇಕಾದ್ದು ಮೊದಲು, ದೀಪದಲ್ಲಿ ನೋಡಬೇಕಾದ್ದು ಆಮೇಲೆ ಅಂತ ಜೋಡಿಸಿಕೊಳ್ಳಿ.

ಹಾಗಾಗಿ ಊಟ ಮುಗಿಸಿ ಬೇಗ ಬೇಗ ಗಾಯೆನ್‌ಮಾಯೆಗೆ ಹೋದೆವು, ಮತ್ತೆ ಗಿಂಜಾ ಲೈನೇ. ಅಲ್ಲಿ ಮೆಯ್‌ಜಿ ಜಿಂಗು ಗಾಯೆನ್ ಅನ್ನುವ ಉದ್ಯಾನದ ಗಿಂಕೊ ಮರಗಳ ಸಾಲು ಇದೆ, 300 ಮೀಟರ್, 146 ಮರ. ನವೆಂಬರ್ ಮಧ್ಯದಿಂದ ಡಿಸೆಂಬರ್ ಮೊದಲ ವಾರದವರೆಗೆ ಪೂರ್ತಿ ಹಳದಿ. 1923ರಲ್ಲಿ ನೆಟ್ಟವು ಇವು. ರಸ್ತೆ ಕಡೆ ಎತ್ತರದ ಮರ, ಒಳಗೆ ಹೋದಂತೆ ಗಿಡ್ಡ ಮರ ಬರುವ ಹಾಗೆ ನೆಟ್ಟಿದ್ದಾರೆ, ಅದರಿಂದ ತುದಿಯಲ್ಲಿರುವ ಚಿತ್ರಶಾಲೆ ಇನ್ನೂ ದೂರ ಇದ್ದ ಹಾಗೆ ಕಾಣುತ್ತದೆ. ಒಂದು ಎಲೆ ಕೈಗೆ ತಗೊಂಡು ನೋಡಿ, ಬೀಸಣಿಗೆಯ ಆಕಾರ, ನಡುವಿನ ನರ ಅಂತ ಒಂದು ಇರೋದೇ ಇಲ್ಲ, ಎಲ್ಲ ಗೆರೆಗಳೂ ತೊಟ್ಟಿನಿಂದಲೇ ಕವಲೊಡೆದು ಅಂಚಿಗೆ ಹೋಗುತ್ತವೆ. ಡೈನೊಸಾರ್ ಕಾಲದಿಂದ ಉಳಿದುಬಂದ ಮರದ ಜಾತಿ ಇದು.

ಈ ಗಾಯೆನ್ ಪ್ರದೇಶದಲ್ಲಿ ಕ್ರೀಡಾಂಗಣ ಒಡೆದು ಕಟ್ಟುವ, ಎತ್ತರದ ಕಟ್ಟಡ ಎಬ್ಬಿಸುವ ದೊಡ್ಡ ಯೋಜನೆ ನಡೆಯುತ್ತಿದೆ. ಗಿಂಕೊ ಸಾಲನ್ನು ಉಳಿಸುತ್ತೇವೆ ಅಂತಾರೆ, ಆದರೆ ಅಕ್ಕಪಕ್ಕದ ಎಷ್ಟೋ ಹಳೆಯ ಮರಗಳಿಗೆ ಕುತ್ತು. ಸಂಗೀತಗಾರ ರ್ಯುಯಿಚಿ ಸಕಾಮೊತೊ 2023ರಲ್ಲಿ ಸಾಯುವ ಸ್ವಲ್ಪ ದಿನ ಮೊದಲು ಇದನ್ನು ನಿಲ್ಲಿಸಿ ಅಂತ ಟೋಕಿಯೊ ಗವರ್ನರ್‌ಗೆ ಪತ್ರ ಬರೆದಿದ್ದರು. ಬೆಂಗಳೂರಲ್ಲಿ ರಸ್ತೆಗೆ ಅಂತ ಮರ ಉರುಳಿದ್ದನ್ನು ಕಣ್ಣಾರೆ ನೋಡಿದ ನನಗೆ ಇದು ಬರೀ ಟೂರಿಸ್ಟ್ ಸ್ಪಾಟ್ ಆಗಿ ಕಾಣಲಿಲ್ಲ. ಈಗಲೇ ಹೋಗಿ ನೋಡಿ, ಚೆನ್ನಾಗಿರುವಾಗಲೇ ನೋಡಿ.

ಆ ಸಾಲಿನಿಂದ ವಾಪಸ್ ಗಾಯೆನ್‌ಮಾಯೆಗೆ ಹೋಗುವ ಬದಲು ಇನ್ನೊಂದು ಕಡೆಯ ಅವೊಯಾಮಾ ಇಚ್ಚೊಮೆಗೆ ನಡೆದು ಓಎದೊ ಲೈನ್ ಹಿಡಿಯಿರಿ. ಇಲ್ಲೇ ಈ ಟಿಕೆಟ್‌ನ ನಿಜವಾದ ಸುಖ ಗೊತ್ತಾಗೋದು. ಗಿಂಜಾ ಲೈನ್ ಮೆಟ್ರೊದ್ದು, ಓಎದೊ ತೊಎಯ್‌ದು. ಯಾರದ್ದು ಯಾವುದು ಅಂತ ಯೋಚನೆಯೇ ಮಾಡಬೇಕಿಲ್ಲ, ಹತ್ತಿರ ಇರುವ ಸ್ಟೇಷನ್‌ಗೆ ನುಗ್ಗಿದರಾಯಿತು. ಅಲ್ಲಿಂದ ನಾಲ್ಕು ಸ್ಟೇಷನ್ ದಾಟಿದರೆ ತೊಚೊಮಾಯೆ, ಇ28. ಟೋಕಿಯೊ ಸರ್ಕಾರದ ಕಚೇರಿಯ ಬುಡಕ್ಕೇ ಬಂದು ಇಳಿಯುತ್ತೀರಿ.

ಕೆಂಜೊ ತಾಂಗೆ ವಿನ್ಯಾಸದ ಈ ಜೋಡಿ ಗೋಪುರದ ಕಟ್ಟಡ 243 ಮೀಟರ್ ಎತ್ತರ. 45ನೇ ಮಹಡಿಯಲ್ಲಿ, 202 ಮೀಟರ್ ಮೇಲೆ, ಊರು ನೋಡುವ ಕೋಣೆ ಇದೆ. ಪೂರ್ತಿ ಉಚಿತ. ಕೆಳಗೆ ಬ್ಯಾಗ್ ತಪಾಸಣೆ ಮಾಡಿ ಲಿಫ್ಟ್‌ಗೆ ಬಿಡುತ್ತಾರೆ, ಒಂದು ನಿಮಿಷದೊಳಗೆ ಮೇಲೆ. ಬೇರೆ ಗೋಪುರಗಳಿಗೆ ಎರಡು ಮೂರು ಸಾವಿರ ಯೆನ್ ಕೊಡುವ ಮೊದಲು ಇದನ್ನು ನೋಡಿ ಅನ್ನೋದು ನನ್ನ ಬಲವಾದ ಸಲಹೆ. ನಾವು ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ ಪಶ್ಚಿಮದ ಗಾಜಿನ ಹತ್ತಿರ ನಿಂತಿದ್ದೆವು. ಚಳಿಗಾಲದ ತಿಳಿ ಆಕಾಶ ಇದ್ದರೆ ಫುಜಿ ಬೆಟ್ಟ ಕಾಣುತ್ತದೆ, ಅವತ್ತು ಕಂಡಿತು, ಕಿತ್ತಳೆ ಬಣ್ಣದ ಮುಂದೆ ಕಪ್ಪಗೆ ಮೂರು ಗೆರೆಯಲ್ಲಿ ಬರೆದ ಹಾಗೆ. ದಕ್ಷಿಣ ಗೋಪುರದಲ್ಲಿ ಕಲಾವಿದೆ ಯಾಯೊಯ್ ಕುಸಾಮಾ ಅಲಂಕರಿಸಿದ ಹಳದಿ ಬಣ್ಣದ, ಕಪ್ಪು ಚುಕ್ಕಿಯ ಪಿಯಾನೊ ಇಟ್ಟಿದ್ದಾರೆ, ಯಾರು ಬೇಕಾದರೂ ನುಡಿಸಬಹುದು. ಶಾಲೆ ಸಮವಸ್ತ್ರದ ಒಬ್ಬ ಹುಡುಗ ಕೂತು ನುಡಿಸಿದ, ಮುಗಿಸಿ ಎದ್ದಾಗ ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು.

ಶಿಂಜುಕು ಸ್ಟೇಷನ್ ಬಗ್ಗೆ ಜಾಸ್ತಿ ಬರೆಯಲ್ಲ. ದಿನಕ್ಕೆ ಮೂವತ್ತು ಲಕ್ಷದ ಆಸುಪಾಸು ಜನ ಓಡಾಡುವ ಜಾಗ, ಇನ್ನೂರರಷ್ಟು ಬಾಗಿಲು. ಸಬ್‌ವೇ ಟಿಕೆಟ್ ಇರುವವರಿಗೆ ಅದನ್ನು ತಪ್ಪಿಸೋ ದಾರಿ ಇದೆ. ನಿಶಿ ಶಿಂಜುಕುದಲ್ಲಿ ಮಾರುನೌಚಿ ಲೈನ್ ಹತ್ತಿ, ಶಿಂಜುಕು ಸಾಂಚೊಮೆಯಲ್ಲಿ ಫುಕುತೊಶಿನ್ ಲೈನ್‌ಗೆ ಬದಲಾಯಿಸಿ, ಶಿಬುಯಾಗೆ ಹೋಗಿ. ದೊಡ್ಡ ಸ್ಟೇಷನ್‌ನ ನೂಕುನುಗ್ಗಲು ಮುಟ್ಟಲೇ ಬೇಕಿಲ್ಲ.

ಶಿಬುಯಾದ ಆ ಅಡ್ಡಾದಿಡ್ಡಿ ರಸ್ತೆ ದಾಟುವ ಜಾಗ ಹೇಗಿದೆ ಅಂತ ಎಲ್ಲರೂ ವಿಡಿಯೊದಲ್ಲಿ ನೋಡಿದ್ದೀರಿ. ನೋಡುವುದಕ್ಕಿಂತ ದಾಟುವುದೇ ಚೆಂದ, ಹಸಿರು ಬಿದ್ದಾಗ ಎಲ್ಲ ದಿಕ್ಕಿನಿಂದ ಜನ ಬಂದರೂ ಯಾರೂ ಯಾರಿಗೂ ಡಿಕ್ಕಿ ಹೊಡೆಯುವುದಿಲ್ಲ. ಹಾಚಿಕೊ ನಾಯಿಯ ಪ್ರತಿಮೆ ಹತ್ತಿರ ಫೋಟೊಗೆ ಸಾಲು ಇತ್ತು, ನಾವು ನಿಲ್ಲಲಿಲ್ಲ. ನನಗೆ ಹೆಚ್ಚು ಹಿಡಿಸಿದ್ದು ವಾಪಸ್ ಹೋಗುವಾಗ ಕಂಡದ್ದು. ಗಿಂಜಾ ಲೈನ್ ಇಲ್ಲಿ ಮೂರನೇ ಮಹಡಿಯಲ್ಲಿದೆ! ಶಿಬುಯಾ ಇರೋದು ತಗ್ಗಿನಲ್ಲಿ. ನೆಲದಡಿ ನೇರವಾಗಿ ಬಂದ ರೈಲು ಇಲ್ಲಿ ನೆಲವೇ ಇಳಿದು ಹೋಗಿದ್ದರಿಂದ ಗಾಳಿಗೆ ಬರುತ್ತದೆ, ಬೀದಿಯ ಮೇಲೆ ಸೇತುವೆಯಲ್ಲಿ ನಿಲ್ಲುತ್ತದೆ. 2020ರ ಜನವರಿಯಿಂದ ಹೊಸ ಪ್ಲಾಟ್‌ಫಾರಂ, ಮೇಲೆ ಬಿಳಿ ಪಕ್ಕೆಲುಬಿನಂತೆ ಬಾಗಿದ ಕಮಾನುಗಳು.

ರೈಲಿನೊಳಗೆ ಮಾತು ಮೆಲ್ಲಗೆ ಇರಲಿ. ಫೋನಲ್ಲಿ ಮಾತಾಡೋದಂತೂ ಇಲ್ಲವೇ ಇಲ್ಲ. ಕಾಲೇಜಿನ ದಿನಗಳ ಕತೆ ಶುರುವಾದಾಗೆಲ್ಲ ನಮ್ಮ ದನಿ ಏರುತ್ತಿತ್ತು, "ಮೆಲ್ಲಗೆ ಕಣೇ" ಅಂತ ಅವಳು ಕೈ ಒತ್ತುತ್ತಿದ್ದಳು. ಎಸ್ಕಲೇಟರ್‌ನಲ್ಲಿ ಟೋಕಿಯೊದವರು ಎಡಕ್ಕೆ ನಿಲ್ಲುತ್ತಾರೆ.

ಯಾರೂ ಹೇಳದ ಒಂದು ಲಾಭವನ್ನೂ ಹೇಳಿಬಿಡ್ತೀನಿ. ಸ್ಟೇಷನ್‌ಗಳ ಶೌಚಾಲಯ ಚೊಕ್ಕಟವಾಗಿರುತ್ತವೆ, ದುಡ್ಡಿಲ್ಲ, ಆದರೆ ಎಷ್ಟೋ ಕಡೆ ಗೇಟ್ ಒಳಗೆ ಇರುತ್ತವೆ. ಈ ಟಿಕೆಟ್ ಇದ್ದರೆ ಯಾವ ಸಬ್‌ವೇ ಸ್ಟೇಷನ್‌ಗೂ ಹೋಗಿ ಬರಬಹುದು. ಮಕ್ಕಳು, ವಯಸ್ಸಾದವರು, ನಮ್ಮಂಥ ಹೆಂಗಸರು ಜೊತೆಗಿದ್ದಾಗ ಇದು ಸಣ್ಣ ವಿಷಯ ಅಲ್ಲ.

ಮಾರನೇ ದಿನ ಬೆಳಿಗ್ಗೆ ಟಿಕೆಟ್ ಇನ್ನೂ ಜೀವಂತ ಇತ್ತು. ಬೇಗ ಎದ್ದು ಒತೆಮಾಚಿಯಲ್ಲಿ ಬದಲಾಯಿಸಿ ಮಾರುನೌಚಿ ಲೈನ್‌ನ ಹಿಗಾಶಿ ಕೊಯೆಂಜಿಗೆ ಹೋದೆವು, ರೆಂಕೊಜಿ ದೇವಸ್ಥಾನ ನೋಡೋಕೆ. ನೇತಾಜಿ ಸುಭಾಷ್‌ಚಂದ್ರ ಬೋಸರದ್ದು ಎನ್ನಲಾದ ಚಿತಾಭಸ್ಮ 1945ರಿಂದ ಇರುವುದು ಇಲ್ಲೇ. ಮನೆಗಳ ನಡುವಿನ ಸಣ್ಣ ದೇವಸ್ಥಾನ, ಅಂಗಳದಲ್ಲಿ ನೇತಾಜಿಯ ಎದೆಮಟ್ಟದ ಪ್ರತಿಮೆ. 1957ರಲ್ಲಿ ನೆಹರು, 2001ರಲ್ಲಿ ವಾಜಪೇಯಿ ಇಲ್ಲಿಗೆ ಬಂದಿದ್ದರು, ಅವರು ಬರೆದ ಸಾಲುಗಳನ್ನು ಕಲ್ಲಿನ ಮೇಲೆ ಹಾಕಿದ್ದಾರೆ. ಟೂರ್ ಬಸ್ಸಿನವರು ಇಲ್ಲಿಗೆ ಕರೆತರುವುದಿಲ್ಲ. ಭಾರತದಿಂದ ಹೋದವರು ಒಂದು ಗಂಟೆ ಇದಕ್ಕೆ ಇಡಲೇಬೇಕು ಅಂತ ನನ್ನ ಕೋರಿಕೆ.

ಯಾರಿಗೆ ಇದು ಬೇಡ? ಉಳಿದುಕೊಂಡಿರುವ ಹೋಟೆಲ್ ಜೆಆರ್ ಯಾಮಾನೊತೆ ಲೈನ್ ಪಕ್ಕವೇ ಇದ್ದು, ಅದರಲ್ಲೇ ಸುತ್ತುವ ಯೋಚನೆ ಇದ್ದವರಿಗೆ ಬೇಡ, ಅಲ್ಲಿ ಈ ಟಿಕೆಟ್ ನಡೆಯುವುದಿಲ್ಲ. ಒದಾಯ್‌ಬಾಗೆ ಹೋಗುವ ಯುರಿಕಾಮೊಮೆ ರೈಲು, ಹನೆದಾ ಮೊನೊರೈಲು, ಸಿಟಿ ಬಸ್ಸು, ಇವೂ ಸೇರಿಲ್ಲ. ಒಂದೇ ಕಡೆ ಇಡೀ ದಿನ ಮ್ಯೂಸಿಯಂ ನೋಡುವವರಿಗೂ ನಷ್ಟವೇ. ಉಳಿದವರು ಕಣ್ಣುಮುಚ್ಚಿ ತಗೊಳ್ಳಿ, ಮಕ್ಕಳಿಗೆ ಅರ್ಧ ಬೆಲೆ. ಮೂರು ದಿನ ಇರುವುದಾದರೆ 72 ಗಂಟೆಯದ್ದೇ ತಗೊಳ್ಳಿ, ನಾನು ಹೋದಾಗ 1,500 ಯೆನ್ ಇತ್ತು, ದಿನಕ್ಕೆ 500 ಬಿತ್ತು ಅಷ್ಟೇ. ಹೋಟೆಲ್ ಬುಕ್ ಮಾಡುವಾಗ ಗಿಂಜಾ ಲೈನ್ ಹತ್ತಿರ ಸಿಗುತ್ತದಾ ಅಂತ ಮೊದಲು ನೋಡಿ.